ಓದುಗರ ಪ್ರಶ್ನೆ: ಕೀವು ಕಟ್ಟಿದ ಕಡೆ ಮರಗಟ್ಟುವ ಇಂಜೆಕ್ಷನ್ ಏಕೆ ಹಿಡಿಯುವುದಿಲ್ಲ?

ಈ ತಿಂಗಳ ಪತ್ರಗಳಲ್ಲಿ ಐದನ್ನು ಎತ್ತಿಕೊಂಡಿದ್ದೇನೆ. ಒಂದು ಹಲ್ಲಿನದು, ಒಂದು ಹಸುವಿನದು, ಒಂದು ಕ್ಷಯದ್ದು, ಉಳಿದೆರಡು ಕ್ಯಾನ್ಸರಿನವು. ಮೂವತ್ತೊಂದು ವರ್ಷ ಔಷಧಶಾಸ್ತ್ರ ಪಾಠ ಮಾಡಿದ ನನಗೆ ಐವರೂ ಒಂದೇ ಸಂಗತಿಯನ್ನು ಕೇಳುತ್ತಿದ್ದಾರೆ ಎನ್ನಿಸಿತು. ಔಷಧ ಜೀವಕೋಶದ ಹೊಸ್ತಿಲವರೆಗೆ ಬಂದರೂ ಒಳಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಔಷಧದ ಗುಣವನ್ನಷ್ಟೇ ಅವಲಂಬಿಸಿಲ್ಲ. ಆ ಕೋಶ ಎಂಥ ಜಾಗದಲ್ಲಿ ಕುಳಿತಿದೆ ಎಂಬುದನ್ನೂ ಅವಲಂಬಿಸಿದೆ.

ಪ್ರಶ್ನೆ: ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವಾಗಿ ಕೆನ್ನೆ ಊದಿತ್ತು. ಹಲ್ಲು ಕೀಳಲು ವೈದ್ಯರು ಮೂರು ಸಲ ಮರಗಟ್ಟುವ ಇಂಜೆಕ್ಷನ್ ಕೊಟ್ಟರೂ ಹಿಡಿಯಲಿಲ್ಲ. ಕೊನೆಗೆ ಕೀವು ಹೊರಗೆ ಬಿಟ್ಟು, ಮಾತ್ರೆ ಬರೆದುಕೊಟ್ಟು, ಐದು ದಿನ ಬಿಟ್ಟು ಬರಲು ಹೇಳಿದರು. ಆಗ ಒಂದೇ ಇಂಜೆಕ್ಷನ್ನಿಗೆ ತುಟಿಯವರೆಗೆ ಮರಗಟ್ಟಿತು. ಮೊದಲ ದಿನ ಕೊಟ್ಟದ್ದು ನಕಲಿ ಔಷಧವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಆ ಔಷಧ ನಕಲಿಯೆಂದು ಅನುಮಾನಿಸಲು ಇಲ್ಲಿ ಕಾರಣವೇ ಇಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಪತ್ರದ ಉಳಿದ ಭಾಗದಲ್ಲಿ ಆ ವೈದ್ಯರ ಮೇಲಿರುವ ಸಿಟ್ಟನ್ನು ಓದಿ ನನಗೆ ಬೇಸರವಾಯಿತು. ಅವರು ಮಾಡಿದ್ದು ಸರಿಯಾಗಿಯೇ ಇದೆ.

ಹಲ್ಲಿನ ವೈದ್ಯರು ಸಾಮಾನ್ಯವಾಗಿ ಬಳಸುವ ಲಿಗ್ನೋಕೇನ್ ದ್ರವದಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ವಿದ್ಯುದಾವೇಶ ಹೊತ್ತದ್ದು, ಇನ್ನೊಂದು ಆವೇಶವಿಲ್ಲದ್ದು. ನರದ ಎಳೆಯನ್ನು ಸುತ್ತಿರುವುದು ಕೊಬ್ಬಿನ ಪೊರೆ. ಆವೇಶ ಹೊತ್ತ ಅಣು ನೀರನ್ನು ಬಿಟ್ಟು ಆ ಕೊಬ್ಬಿನೊಳಗೆ ಇಳಿಯಲಾರದು, ಆವೇಶವಿಲ್ಲದ್ದು ಸಲೀಸಾಗಿ ದಾಟುತ್ತದೆ. ಯಾವುದು ಎಷ್ಟಿರಬೇಕೆಂದು ನಿರ್ಧರಿಸುವುದು ಸುತ್ತಲಿನ ದ್ರವದ ಹುಳಿ, ಅಂದರೆ ಪಿಎಚ್ ಮಟ್ಟ. ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು; ಲಿಗ್ನೋಕೇನ್‌ನಂಥ ಕ್ಷಾರಗುಣದ ಔಷಧ ಹುಳಿಯಲ್ಲಿ ಹೆಚ್ಚು ಆವೇಶ ಪಡೆಯುತ್ತದೆ. ಆರೋಗ್ಯವಾಗಿರುವ ಒಸಡಿನಲ್ಲಿ ಪಿಎಚ್ ಸುಮಾರು 7.4. ಅಲ್ಲಿ ಲಿಗ್ನೋಕೇನಿನ 100 ಅಣುಗಳಲ್ಲಿ ಸುಮಾರು 24 ಆವೇಶವಿಲ್ಲದೆ ಇರುತ್ತವೆ. ಕೀವು ಕಟ್ಟಿದ ಕಡೆ ಬ್ಯಾಕ್ಟೀರಿಯಾಗಳೂ ಬಿಳಿ ರಕ್ತಕಣಗಳೂ ಸಕ್ಕರೆಯನ್ನು ಉರಿಸಿ ಆಮ್ಲವನ್ನು ಹೊರಗೆ ಸುರಿಯುತ್ತವೆ. ಅಲ್ಲಿಯ ಪಿಎಚ್ 6.4ಕ್ಕೆ ಇಳಿದರೆ ಆ 24 ಅಣುಗಳ ಜಾಗದಲ್ಲಿ ಉಳಿಯುವುದು 3 ಮಾತ್ರ. ಸಿರಿಂಜಿನಲ್ಲಿದ್ದ ಔಷಧ ಎರಡೂ ದಿನ ಅಷ್ಟೇ ಇತ್ತು. ನರದೊಳಗೆ ಹೋಗಬಲ್ಲ ಪಾಲು ಮೊದಲ ದಿನ ಎಂಟರಲ್ಲಿ ಒಂದಾಗಿತ್ತು.

ಒಳಗೆ ಹೋದ ಅಣು ಅಲ್ಲಿ ಮತ್ತೆ ಆವೇಶ ಪಡೆದು, ಸೋಡಿಯಂ ನುಗ್ಗುವ ದ್ವಾರಗಳನ್ನು ಒಳಬದಿಯಿಂದ ಮುಚ್ಚುತ್ತದೆ, ನೋವಿನ ಸಂಕೇತ ಅಲ್ಲಿಗೇ ನಿಲ್ಲುತ್ತದೆ. ದಾಟುವುದಕ್ಕೆ ಒಂದು ರೂಪ, ಕೆಲಸಕ್ಕೆ ಇನ್ನೊಂದು. ತರಗತಿಯಲ್ಲಿ ಈ ಪಾಠ ಬಂದ ದಿನವೆಲ್ಲ ನನಗೆ ಹಬ್ಬದ ದಿನವಾಗಿರುತ್ತಿತ್ತು.

ನಿಮ್ಮ ಹಲ್ಲಿನ ವಿಷಯದಲ್ಲಿ ಹುಳಿಯೊಂದೇ ಕಾರಣವಲ್ಲ. ಉರಿಯೂತವಿರುವಲ್ಲಿ ರಕ್ತ ಹೆಚ್ಚು ಹರಿದು ಔಷಧವನ್ನು ಬೇಗ ಕೊಚ್ಚಿಕೊಂಡು ಹೋಗುತ್ತದೆ, ಕೆರಳಿದ ನರವೂ ಸುಲಭವಾಗಿ ಸುಮ್ಮನಾಗುವುದಿಲ್ಲ. ಅದಕ್ಕಾಗಿಯೇ ವೈದ್ಯರು ಕೀವಿನಿಂದ ದೂರದಲ್ಲಿ, ನರದ ಮೂಲದ ಬಳಿ ಇಂಜೆಕ್ಷನ್ ಕೊಡಲು ನೋಡುತ್ತಾರೆ, ಇಲ್ಲವೇ ಮೊದಲು ಕೀವು ತೆಗೆದು ಕಾಯುತ್ತಾರೆ. ಕುರುವನ್ನು ಕೊಯ್ಯಲೇಬೇಕು, ಬರೀ ಮಾತ್ರೆ ಸಾಲದು ಎಂದು ಶಸ್ತ್ರವೈದ್ಯರು ಪಟ್ಟು ಹಿಡಿಯುವುದೂ ಇಂಥ ಕಾರಣಕ್ಕೇ. ಜೆಂಟಾಮೈಸಿನ್‌ನಂಥ ಪ್ರತಿಜೀವಕ ಬ್ಯಾಕ್ಟೀರಿಯಾದೊಳಗೆ ಹೋಗಬೇಕಾದರೆ ಆ ಬ್ಯಾಕ್ಟೀರಿಯಾ ಆಮ್ಲಜನಕ ಬಳಸಿ ಉಸಿರಾಡುತ್ತಿರಬೇಕು. ಕೀವಿನ ಗೂಡಿನೊಳಗೆ ಆಮ್ಲಜನಕವೇ ಇರುವುದಿಲ್ಲ, ಮೇಲೆ ಹುಳಿ ಬೇರೆ.

ಸಾಧ್ಯವಾದರೆ ಆ ವೈದ್ಯರನ್ನು ಒಮ್ಮೆ ಭೇಟಿಯಾಗಿ ಮಾತನಾಡಿ.

ಪ್ರಶ್ನೆ: ನಮ್ಮ ಹಸುವಿಗೆ ಇಂಜೆಕ್ಷನ್ ಕೊಟ್ಟದ್ದು ಕುತ್ತಿಗೆಗೆ. ಆದರೂ ಪಶುವೈದ್ಯರು ಹಾಲನ್ನು ಡೇರಿಗೆ ಹಾಕಬೇಡಿ ಎನ್ನುತ್ತಾರೆ. ಕುತ್ತಿಗೆಗೆ ಕೊಟ್ಟ ಔಷಧ ಕೆಚ್ಚಲಿಗೆ ಹೇಗೆ ಹೋಗುತ್ತದೆ?
– ರೈತರು, ಮುಳಬಾಗಿಲು ತಾಲ್ಲೂಕು

ಉತ್ತರ: ರಕ್ತದ ಮೂಲಕ ಹೋಗುತ್ತದೆ. ಕೆಲವು ಔಷಧಗಳು ಹಾಲಿನಲ್ಲಿ ರಕ್ತಕ್ಕಿಂತ ಹೆಚ್ಚೇ ಸೇರಿಕೊಳ್ಳುತ್ತವೆ. ರಕ್ತದ ಪಿಎಚ್ 7.4, ಹಾಲಿನದು ಸುಮಾರು 6.6, ಅಂದರೆ ಹಾಲು ರಕ್ತಕ್ಕಿಂತ ಸ್ವಲ್ಪ ಹುಳಿ. ಎರಿತ್ರೋಮೈಸಿನ್‌ನಂಥ ಕ್ಷಾರಗುಣದ ಔಷಧ ಆವೇಶವಿಲ್ಲದ ರೂಪದಲ್ಲಿ ಕೆಚ್ಚಲಿನ ಕೋಶಗಳನ್ನು ದಾಟುತ್ತದೆ. ಹಾಲಿಗೆ ಬಂದೊಡನೆ ಆವೇಶ ಪಡೆದು ಹಿಂದಿರುಗಲಾರದೆ ಅಲ್ಲಿಯೇ ಉಳಿಯುತ್ತದೆ. ಪೆನಿಸಿಲಿನ್ ಆಮ್ಲಗುಣದ್ದಾದ್ದರಿಂದ ಅದು ಹಾಲಿಗೆ ಬರುವುದು ಕಡಿಮೆ, ಆದರೆ ಬಂದೇ ಬರುತ್ತದೆ. ಕೆಚ್ಚಲು ಬಾವು ಬಂದಾಗ ಹಾಲಿನ ಪಿಎಚ್ ಏರಿ ರಕ್ತದ ಮಟ್ಟಕ್ಕೆ ಹತ್ತಿರವಾಗುವುದರಿಂದ ಈ ಲೆಕ್ಕವೂ ಬದಲಾಗುತ್ತದೆ.

ಎಷ್ಟು ದಿನ ಹಾಲು ಹಾಕಬಾರದು ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಬಾಟಲಿಯ ಮೇಲೆ ಬರೆದಿರುತ್ತದೆ, ವೈದ್ಯರನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಔಷಧವಿರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ, ಮೊಸರಿನ ಬ್ಯಾಕ್ಟೀರಿಯಾಗಳನ್ನೂ ಅದು ತಡೆಯುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಶ್ವಾಸಕೋಶದ ಟಿಬಿ. ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ ಕೊಟ್ಟರು. ಈಗ ಮೂರು ಔಷಧದ ಮಾತ್ರೆ ಕೊಡುತ್ತಿದ್ದಾರೆ. ಕೇಳಿದರೆ ಪೈರಾಜಿನಮೈಡ್ ಇನ್ನು ಬೇಡ ಎನ್ನುತ್ತಾರೆ. ಸರ್ಕಾರ ಖರ್ಚು ಉಳಿಸುತ್ತಿದೆಯೇ? ಹೊರಗೆ ಕೊಂಡು ಕೊಡಬೇಕೇ?
– ಅಕ್ಕ, ರಾಯಚೂರು ಜಿಲ್ಲೆ

ಉತ್ತರ: ದಯವಿಟ್ಟು ಹೊರಗೆ ಕೊಂಡು ಕೊಡಬೇಡಿ. ನಿಮ್ಮ ತಮ್ಮನಿಗೆ ಸಿಗುತ್ತಿರುವುದು ಸರಿಯಾದ ಚಿಕಿತ್ಸೆ. ಪೈರಾಜಿನಮೈಡ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ಗೊತ್ತಾದರೆ ನಿಮ್ಮ ಆತಂಕ ತಗ್ಗಬಹುದು.

ಈ ಔಷಧ ಕ್ಷಯಕ್ಕೆ ಬಂದದ್ದು 1952ರಲ್ಲಿ. ಅದರ ನಡತೆ ವಿಚಿತ್ರವಾಗಿತ್ತು. ಪ್ರಯೋಗಾಲಯದ ಸಾಮಾನ್ಯ ಪೋಷಕ ದ್ರವದಲ್ಲಿ ಬೆಳೆಯುತ್ತಿದ್ದ ಕ್ಷಯದ ಬ್ಯಾಕ್ಟೀರಿಯಾಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಕ್ಷಯ ತಗುಲಿದ ಇಲಿಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಜಿನ ಕೊಳವೆಯ ಮಾತನ್ನಷ್ಟೇ ನಂಬಿದ್ದರೆ ಈ ಔಷಧ ಅಂದೇ ಕಸದ ಬುಟ್ಟಿ ಸೇರುತ್ತಿತ್ತು. 1954ರಲ್ಲಿ ಗುಟ್ಟು ತಿಳಿಯಿತು. ಪೋಷಕ ದ್ರವವನ್ನು ಹುಳಿ ಮಾಡಿ, ಪಿಎಚ್ 5.5ರ ಸುತ್ತಮುತ್ತ ತಂದರೆ ಕೊಳವೆಯಲ್ಲೂ ಔಷಧ ಎಚ್ಚರಗೊಳ್ಳುತ್ತಿತ್ತು.

ಇದಕ್ಕೆ ಬಹುಕಾಲದಿಂದ ಕೊಡುತ್ತಾ ಬಂದಿರುವ ವಿವರಣೆ ಹೀಗಿದೆ. ಪೈರಾಜಿನಮೈಡ್ ಬ್ಯಾಕ್ಟೀರಿಯಾದೊಳಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾದ್ದೇ ಒಂದು ಕಿಣ್ವ ಅದನ್ನು ಪೈರಾಜಿನೋಯಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಬ್ಯಾಕ್ಟೀರಿಯಾ ಈ ಆಮ್ಲವನ್ನು ಹೊರಗೆ ತಳ್ಳುತ್ತದೆ. ಹೊರಗೆ ಹುಳಿಯಿಲ್ಲದಿದ್ದರೆ ಅದು ಹೊರಗೇ ಉಳಿದುಬಿಡುತ್ತದೆ. ಹುಳಿಯಿದ್ದರೆ, ಕ್ಷಾರಗುಣದ ಲಿಗ್ನೋಕೇನಿಗೆ ತದ್ವಿರುದ್ಧವಾಗಿ, ಈ ಆಮ್ಲ ಆವೇಶ ಕಳೆದುಕೊಂಡು ಮತ್ತೆ ಒಳಗೆ ಜಾರುತ್ತದೆ. ತಳ್ಳಿದಷ್ಟೂ ಒಳಗೆ ಬಂದು, ಕೊನೆಗೆ ಅಲ್ಲಿಯೇ ರಾಶಿ ಬೀಳುತ್ತದೆ. ದಾವಣಗೆರೆಯವರ ಹಲ್ಲಿನ ಬುಡದಲ್ಲಿ ಔಷಧವನ್ನು ಸೋಲಿಸಿದ ಹುಳಿಯೇ ಇಲ್ಲಿ ಔಷಧದ ಕೈಹಿಡಿದಿದೆ.

ರೋಗದ ಆರಂಭದಲ್ಲಿ ಶ್ವಾಸಕೋಶದ ಉರಿಯೂತ ತೀವ್ರವಾಗಿರುತ್ತದೆ. ಬ್ಯಾಕ್ಟೀರಿಯಾಗಳು ಬಿಳಿ ರಕ್ತಕಣಗಳ ಹುಳಿ ಚೀಲಗಳೊಳಗೆ, ಊದಿಕೊಂಡ ಗಂಟುಗಳಲ್ಲಿ ಅಡಗಿರುತ್ತವೆ. ಬೇರೆ ಔಷಧಗಳಿಗೆ ಸುಲಭವಾಗಿ ಸಿಗದೆ ನಿಧಾನವಾಗಿ ಬದುಕುವ ಈ ಬ್ಯಾಕ್ಟೀರಿಯಾಗಳನ್ನು ಪೈರಾಜಿನಮೈಡ್ ಕೊಲ್ಲುತ್ತದೆ. ಒಂಬತ್ತು ತಿಂಗಳ ಚಿಕಿತ್ಸೆ ಆರಕ್ಕೆ ಇಳಿದದ್ದು ಈ ಔಷಧ ಸೇರಿದ್ದರಿಂದ. ಎರಡು ತಿಂಗಳಲ್ಲಿ ಉರಿಯೂತ ಇಳಿಯುತ್ತದೆ, ಹುಳಿಯ ಜಾಗಗಳೂ ಕಡಿಮೆಯಾಗುತ್ತವೆ. ಆಮೇಲೂ ಕೊಡುತ್ತಾ ಹೋದರೆ ಹೆಚ್ಚಿನ ಲಾಭವಿಲ್ಲ ಎಂಬುದನ್ನು ಸಿಂಗಪುರದಲ್ಲಿ ರೋಗಿಗಳ ಮೇಲೆ ನಡೆದ ಪ್ರಯೋಗ ತೋರಿಸಿಕೊಟ್ಟಿದೆ. ಲಾಭವಿಲ್ಲದಿದ್ದರೂ ಹೊರೆ ಇದೆ. ಪೈರಾಜಿನಮೈಡ್ ಯಕೃತ್ತನ್ನು ನೋಯಿಸಬಲ್ಲದು, ಯೂರಿಕ್ ಆಮ್ಲ ಏರಿಸಿ ಕೀಲುನೋವು ತರಬಲ್ಲದು. ಮೂರು ಔಷಧದ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ನಮ್ಮ ಬೆಂಗಳೂರಿನ ಸುದ್ದಿಯೊಂದನ್ನೂ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಜೈವಿಕ ಎಂಜಿನಿಯರಿಂಗ್ ವಿಭಾಗದವರು ಪ್ಲಾಸ್ಟಿಕ್ ತಟ್ಟೆಯನ್ನು ಬಿಟ್ಟು, ಶ್ವಾಸಕೋಶದ ಅಂಗಾಂಶವನ್ನು ಹೋಲುವ ಕೊಲಾಜನ್ ಜೆಲ್ಲಿನೊಳಗೆ ಮನುಷ್ಯರ ರಕ್ತದ ಕೋಶಗಳನ್ನು ಬೆಳೆಸಿ ಅವುಗಳಿಗೆ ಕ್ಷಯದ ಸೋಂಕು ತಗುಲಿಸಿದರು. 2024ರಲ್ಲಿ ಅವರು ವರದಿ ಮಾಡಿದಂತೆ, ತಟ್ಟೆಯಲ್ಲಿ ಬಹಳ ದೊಡ್ಡ ಪ್ರಮಾಣ ಬೇಡುತ್ತಿದ್ದ ಪೈರಾಜಿನಮೈಡ್ ಆ ಜೆಲ್ಲಿನಲ್ಲಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇದ್ದರೂ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತಗ್ಗಿಸಿತು. ಏಳು ದಶಕಗಳ ಹಿಂದೆ ಕೊಳವೆಯಲ್ಲಿ ಸೋತಿದ್ದ ಔಷಧವಿದು. ಈ ವರದಿ ಓದಿದ ದಿನ ನನಗಾದ ಸಂತೋಷವನ್ನು ಬರೆಯಲು ಬಾರದು.

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ಗಿಡದ ಸಾರಗಳನ್ನು ಹಾಕಿ ನೋಡುತ್ತೇವೆ. ತಟ್ಟೆಯಲ್ಲಿ ಕೋಶಗಳು ಸಾಯುತ್ತವೆ. ಆದರೆ ಇಂಥ ಫಲಿತಾಂಶಗಳು ರೋಗಿಗಳವರೆಗೆ ತಲುಪುವುದು ತೀರ ವಿರಳ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕೆಲಸಕ್ಕೆ ಅರ್ಥವಿದೆಯೇ? ದುಬಾರಿ ಸಲಕರಣೆ ನಮ್ಮಲ್ಲಿಲ್ಲ.
– ಕಲಬುರಗಿ

ಉತ್ತರ: ಅರ್ಥವಿದೆ ಮಗಳೇ. ಆದರೆ ತಟ್ಟೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿದಿರಬೇಕು. ನಾನು ಅದನ್ನು ಕಲಿತದ್ದು ಒಂದು ದೀಪಾವಳಿಯಲ್ಲಿ.

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ಹಬ್ಬಕ್ಕೆ ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದು ಇನ್‌ಕ್ಯುಬೇಟರ್ ತೆರೆದಾಗ ತಟ್ಟೆಗಳಲ್ಲಿ ಕೆಂಪಗಿದ್ದ ದ್ರವ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಸಮಯ ಉಳಿಸಲೆಂದು ದ್ರವ ಬದಲಿಸದೆ ಅದಕ್ಕೇ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹಾಕಿದೆ. ಕೋಶಗಳು ಸಾಯಲಿಲ್ಲ. ಔಷಧ ಕೆಟ್ಟಿದೆ ಎಂದುಕೊಂಡು ಹೊಸ ಸೀಸೆ ಕೇಳಲು ಹೋದೆ. ನನ್ನ ಮಾರ್ಗದರ್ಶಕರು ಏನೂ ಹೇಳದೆ ತಟ್ಟೆಯನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಡಾಕ್ಸೊರುಬಿಸಿನ್ ತಾನೇ ಹೊಳೆಯುವ ಔಷಧ, ಒಳಗೆ ಹೋದರೆ ಕೋಶದ ಬೀಜಕೇಂದ್ರ ಕಿತ್ತಳೆಗೆಂಪಾಗಿ ಬೆಳಗುತ್ತದೆ. ನನ್ನ ತಟ್ಟೆಯಲ್ಲಿ ಬೀಜಕೇಂದ್ರಗಳು ಮಂಕಾಗಿದ್ದವು. ಹೊಸ ದ್ರವ ಹಾಕಿ, ಅದೇ ಸೀಸೆಯ ಔಷಧ ಕೊಟ್ಟಾಗ ದೀಪ ಹಚ್ಚಿಟ್ಟ ಹಾಗೆ ಬೆಳಗಿದವು. ಹಳದಿ ಬಣ್ಣ ಬಂದದ್ದು ದ್ರವದಲ್ಲಿರುವ ಫೀನಾಲ್ ರೆಡ್ಡಿನಿಂದ, ಹುಳಿಯಾದರೆ ಅದು ಹಳದಿಯಾಗುತ್ತದೆ. ಡಾಕ್ಸೊರುಬಿಸಿನ್ ಕೂಡ ಲಿಗ್ನೋಕೇನಿನಂತೆ ಕ್ಷಾರಗುಣದ್ದು, ಹುಳಿಯಲ್ಲಿ ಪೊರೆ ದಾಟಲಾರದು. ಕ್ಯಾನ್ಸರ್ ಗಡ್ಡೆಯೊಳಗಿನ ಕೋಶಗಳ ಹೊರಗಿನ ಪಿಎಚ್ 6.5ರಿಂದ 6.9ರವರೆಗೆ ಇರಬಲ್ಲದು. ನಮ್ಮ ಶುಭ್ರವಾದ ಕೆಂಪು ದ್ರವದ್ದು 7.4.

ಇನ್ನು ನೆಲದ ಗಟ್ಟಿತನ. ಪೆಟ್ರಿ ತಟ್ಟೆ 1887ರಿಂದ ಬಳಕೆಯಲ್ಲಿದೆ, ಈಗಿನದು ಪಾಲಿಸ್ಟೈರೀನ್. ಅದು ಸ್ತನದ ಮೆದು ಅಂಗಾಂಶಕ್ಕಿಂತ ಲಕ್ಷಾಂತರ ಪಟ್ಟು ಗಟ್ಟಿ. ಗಟ್ಟಿ ನೆಲದ ಮೇಲೆ ಕೋಶ ಕಾವಲಿಯ ಮೇಲಿನ ದೋಸೆಯಂತೆ ಹರಡಿಕೊಳ್ಳುತ್ತದೆ, ಮೆದು ಜೆಲ್ಲಿನ ಮೇಲೆ ಪಡ್ಡಿನಂತೆ ಗುಂಡಗಾಗುತ್ತದೆ. ದೋಸೆಯಾದ ಕೋಶದ ಮೇಲ್ಮೈಯೆಲ್ಲ ಔಷಧದ ದ್ರವಕ್ಕೆ ತೆರೆದಿರುತ್ತದೆ. ಬದಲಾಗುವುದು ಆಕಾರವೊಂದೇ ಅಲ್ಲ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಒಂದೇ ಬಗೆಯ ಕಾಂಡಕೋಶಗಳನ್ನು (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು) ಮಿದುಳಿನಷ್ಟು ಮೆದುವಾದ, ಸ್ನಾಯುವಿನಷ್ಟು ಬಿಗಿಯಾದ, ಎಳೆಯ ಮೂಳೆಯಷ್ಟು ಗಟ್ಟಿಯಾದ ಜೆಲ್ಲುಗಳ ಮೇಲೆ ಇಟ್ಟು ನೋಡಿದರು. ಅವು ಕ್ರಮವಾಗಿ ನರ, ಸ್ನಾಯು, ಮೂಳೆಯ ಲಕ್ಷಣಗಳ ಕಡೆಗೆ ವಾಲಿದವು.

ನನಗೆ ತುಂಬ ಇಷ್ಟವಾದ ಪ್ರಯೋಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು, 2011ರದು. ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಕೋಶಗಳು ಎಷ್ಟು ನುಂಗುತ್ತವೆ ಎಂದು ಎಲ್ಲರೂ ಅಳೆಯುತ್ತಿದ್ದರು. ಇವರು ಅದೇ ಕೋಶಗಳನ್ನು ತಲೆಕೆಳಗಾಗಿಯೂ ತೂಗುಹಾಕಿ ನೋಡಿದರು. ಭಾರವಾದ ಕಣಗಳ ವಿಷಯದಲ್ಲಿ ಕೆಳಗೆ ಮಲಗಿದ್ದ ಕೋಶಗಳು ನುಂಗಿದ್ದು ಬಹಳ ಹೆಚ್ಚು. ಏಕೆಂದರೆ ಕಣಗಳು ಮಡ್ಡಿಯಂತೆ ಅವುಗಳ ಮೇಲೆಯೇ ಇಳಿಯುತ್ತಿದ್ದವು. ಇಷ್ಟು ಸರಳವಾದ ಪ್ರಯೋಗವನ್ನು ಕಲಬುರಗಿಯಲ್ಲಿಯೂ ಮಾಡಬಹುದಿತ್ತಲ್ಲವೇ! ಅದಕ್ಕೂ ಒಂದು ವರ್ಷ ಮುಂಚೆ ಹಾರ್ವರ್ಡಿನಲ್ಲಿ ಬೆರಳುದ್ದದ ಪಾರದರ್ಶಕ ಚಿಪ್ಪಿನೊಳಗೆ ಶ್ವಾಸಕೋಶದ ಕೋಶಗಳನ್ನು ಹಿಗ್ಗುವ ಪೊರೆಯ ಮೇಲೆ ಬೆಳೆಸಿ, ಉಸಿರಾಟದ ಲಯದಲ್ಲಿ ಎಳೆದು ಬಿಟ್ಟು ನೋಡಿದ್ದರು. ಅಲುಗಾಡದ ಕೋಶಗಳಿಗಿಂತ ಉಸಿರಾಡುವ ಕೋಶಗಳು ಸೂಕ್ಷ್ಮ ಕಣಗಳನ್ನು ಹಲವು ಪಟ್ಟು ಹೆಚ್ಚು ಒಳಗೆಳೆದುಕೊಂಡವು.

ದೇಹದೊಳಗೆ ಇನ್ನೊಂದು ತೊಡಕಿದೆ, ಅದು ದೂರ. ತಟ್ಟೆಯಲ್ಲಿ ಪ್ರತಿ ಕೋಶವೂ ಔಷಧದಲ್ಲಿ ಮುಳುಗಿರುತ್ತದೆ. ಗಡ್ಡೆಯಲ್ಲಿ ರಕ್ತನಾಳದಿಂದ ಔಷಧ ಸೋರಿ ಸಾಗಬೇಕು. ಟೊರೊಂಟೊದಲ್ಲಿ ಇಲಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ, ನಾಳದಿಂದ 40-50 ಮೈಕ್ರಾನ್ ದೂರದಲ್ಲಿಯೇ ಡಾಕ್ಸೊರುಬಿಸಿನ್ ಅರ್ಧಕ್ಕೆ ಇಳಿದಿತ್ತು. ಅದು ನಾಲ್ಕೈದು ಕೋಶಗಳ ದೂರ, ನಿನ್ನ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್ ದಶಕಗಳ ಕಾಲ ಹಿಡಿದು ಕುಳಿತದ್ದು ಇದನ್ನೇ. ಗಡ್ಡೆಯ ನಾಳಗಳು ಸೋರುತ್ತವೆ, ಒಳಗೆ ದ್ರವದ ಒತ್ತಡ ಏರುತ್ತದೆ, ಒತ್ತಿ ಹಿಡಿದ ನಾಳಗಳು ಮುಚ್ಚಿಹೋಗುತ್ತವೆ ಎಂದು ಅವರ ತಂಡ ತೋರಿಸಿತು. ಹಾಗಾದರೆ ಗಡ್ಡೆಯ ಸುತ್ತಲಿನ ಅಂಟನ್ನು ಕರಗಿಸಿದರೆ ಸಾಕಲ್ಲವೇ ಎಂದು ನೀನು ಕೇಳಬಹುದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಅದನ್ನೂ ಮಾಡಿ ನೋಡಿದರು. ಹಯಲುರೊನಾನ್ ಎಂಬ ಅಂಟನ್ನು ಕರಗಿಸುವ ಕಿಣ್ವ ಇಲಿಗಳಲ್ಲಿ ಭರವಸೆ ಹುಟ್ಟಿಸಿತ್ತು, 2019ರಲ್ಲಿ ರೋಗಿಗಳ ದೊಡ್ಡ ಪ್ರಯೋಗದಲ್ಲಿ ಸೋತಿತು. ಸುತ್ತಲನ್ನು ತಿದ್ದುವುದು ನಾವಂದುಕೊಂಡಷ್ಟು ಸುಲಭವಲ್ಲ.

ದುಬಾರಿ ಸಲಕರಣೆ ಇಲ್ಲ ಎಂದು ಬರೆದಿದ್ದೀಯಲ್ಲ, ಅದಕ್ಕೆ ನನ್ನ ಸಲಹೆ ಇದು. ಪೆಟ್ರಿ ತಟ್ಟೆಯ ಮುಚ್ಚಳದ ಒಳಬದಿಗೆ 20 ಮೈಕ್ರೋಲೀಟರಿನ ಹನಿಗಳಲ್ಲಿ ಕೋಶಗಳನ್ನು ಇಡು. ತಟ್ಟೆಯೊಳಗೆ ಒಂದಿಷ್ಟು ಶುದ್ಧ ನೀರು ಹಾಕಿ, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಮುಚ್ಚು. ಜೋತುಬಿದ್ದ ಹನಿಯ ತುದಿಯಲ್ಲಿ ಹಲವು ಬಗೆಯ ಕೋಶಗಳು ಎರಡು ಮೂರು ದಿನದಲ್ಲಿ ಸೇರಿ ಪುಟ್ಟ ಉಂಡೆಯಾಗುತ್ತವೆ. ನಿನ್ನ ಗಿಡದ ಸಾರವನ್ನು ಹರಡಿದ ಕೋಶಗಳ ಮೇಲೂ ಈ ಉಂಡೆಗಳ ಮೇಲೂ ಹಾಕಿ ಹೋಲಿಸು. ದ್ರವದ ಪಿಎಚ್ ಎಷ್ಟಿತ್ತು, ಸೀರಮ್ (ರಕ್ತದ ತಿಳಿದ್ರವ) ಶೇಕಡಾ ಎಷ್ಟಿತ್ತು ಎಂದು ಪ್ರತಿ ದಿನ ನೋಟ್‌ಬುಕ್ಕಿನಲ್ಲಿ ಬರೆ. ಸೀರಮ್ಮಿನ ಪ್ರೋಟೀನಿಗೆ ಅಂಟಿಕೊಂಡ ಔಷಧ ಕೋಶದೊಳಗೆ ಹೋಗುವುದಿಲ್ಲ. ಉಂಡೆಯಲ್ಲಿ ನಿನ್ನ ಸಾರ ಸೋತರೆ ಅದನ್ನೂ ಪ್ರಬಂಧದಲ್ಲಿ ಬರೆ, ಬಿಡಬೇಡ.

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ದಿನಾ ಅಡುಗೆ ಸೋಡಾ ಕುಡಿದರೆ ಗಡ್ಡೆಯ ಹುಳಿ ಹೋಗಿ ಔಷಧ ಚೆನ್ನಾಗಿ ಒಳಗೆ ಹೋಗುತ್ತದೆ ಎಂದು ವಾಟ್ಸ್‌ಆಪ್‌ನಲ್ಲಿ ಬಂದಿತ್ತು. ಎರಡು ವಾರದಿಂದ ಕುಡಿಯುತ್ತಿದ್ದಾಳೆ. ಸರಿಯೇ?
– ಹೆಸರು ಬೇಡ, ಶಿರಸಿ

ಉತ್ತರ: ಇಂದೇ ನಿಲ್ಲಿಸಿಬಿಡಿ ತಾಯಿ. ಮೇಲಿನ ಉತ್ತರಗಳನ್ನು ಓದಿದವರಿಗೂ ಇದು ಸರಿಯೆನ್ನಿಸಬಹುದು ಎಂಬ ಭಯದಿಂದಲೇ ನಿಮ್ಮ ಪತ್ರವನ್ನು ಇಲ್ಲಿ ಸೇರಿಸಿದ್ದೇನೆ.

ಆ ಸಂದೇಶ ಪೂರ್ತಿ ಕಟ್ಟುಕಥೆಯಲ್ಲ. ಇಲಿಗಳಿಗೆ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ ಕುಡಿಸಿದಾಗ ಗಡ್ಡೆಯ ಹುಳಿ ತಗ್ಗಿ, ಡಾಕ್ಸೊರುಬಿಸಿನ್‌ನ ಪರಿಣಾಮ ಹೆಚ್ಚಿದ್ದು ನಿಜ. ಆದರೆ ಇಲಿಗೆ ಕುಡಿಸಿದ ಪ್ರಮಾಣವನ್ನು ಮನುಷ್ಯನ ತೂಕಕ್ಕೆ ಲೆಕ್ಕ ಹಾಕಿದರೆ ಅದು ದಿನವೂ ಕುಡಿದು ತಾಳಿಕೊಳ್ಳುವಂಥದ್ದಲ್ಲ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರುವಂತೆ ಶ್ವಾಸಕೋಶ, ಮೂತ್ರಪಿಂಡ ಎರಡೂ ಹಗಲಿರುಳು ದುಡಿಯುತ್ತವೆ. ಚಮಚ ಸೋಡಾ ಅದನ್ನು ಮೀರಿ ಗಡ್ಡೆಯನ್ನು ತಲುಪುವುದಿಲ್ಲ. ಅದರಿಂದ ಮೈಗೆ ಸೇರುವುದು ಉಪ್ಪಿನಲ್ಲಿರುವ ಸೋಡಿಯಂ. ರಕ್ತದೊತ್ತಡ ಇರುವವರಿಗೆ, ಕೀಮೋದಿಂದ ವಾಂತಿಯಾಗಿ ಪೊಟ್ಯಾಶಿಯಂ ಇಳಿದವರಿಗೆ ಅದು ಅಪಾಯ. ಅಕ್ಕನ ಕೀಮೋದಲ್ಲಿ ಡಾಕ್ಸೊರುಬಿಸಿನ್ ಇದ್ದರೆ, ಅದು ಮೊದಲೇ ಹೃದಯದ ಮೇಲೆ ಭಾರ ಹಾಕುವ ಔಷಧ.

ಆಸ್ಪತ್ರೆಯಲ್ಲಿಯೇ ಸೋಡಾ ಕೊಡುತ್ತಾರಲ್ಲ ಎಂದು ಯಾರಾದರೂ ಹೇಳಬಹುದು. ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವಾಗ ಬೈಕಾರ್ಬನೇಟ್ ಕೊಡುವುದು ನಿಜ. ಅದು ಗಡ್ಡೆಗಾಗಿ ಅಲ್ಲ. ಮೂತ್ರ ಹುಳಿಯಾಗಿದ್ದರೆ ಆ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ, ಅದನ್ನು ತಪ್ಪಿಸಲು ಕೊಡುತ್ತಾರೆ. ಆಗಲೂ ಮೂತ್ರದ ಪಿಎಚ್ ಅನ್ನು ಮತ್ತೆ ಮತ್ತೆ ಅಳೆಯುತ್ತಿರುತ್ತಾರೆ.

ಅಕ್ಕನನ್ನು ಗದರಬೇಡಿ, ಬದುಕುವ ಆಸೆಯಿಂದ ಕುಡಿದಿದ್ದಾರೆ. ದಿನಕ್ಕೆ ಎಷ್ಟು ಚಮಚ, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆದುಕೊಂಡು, ಮುಂದಿನ ಡ್ರಿಪ್ ಹಾಕುವ ಮುನ್ನವೇ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಶಿಯಂ, ಬೈಕಾರ್ಬನೇಟ್ ನೋಡಬೇಕೇ ಎಂದು ನೀವೇ ಕೇಳಿ. ತೀರ ಸುಸ್ತು, ಕೈಕಾಲು ಸೆಳೆತ, ಎದೆ ಡವಗುಟ್ಟುವುದು ಇದ್ದರೆ ಆ ದಿನದವರೆಗೆ ಕಾಯದೆ ಕೂಡಲೇ ಕರೆದುಕೊಂಡು ಹೋಗಿ.